ಪೆಟ್ಟಿಗೆ ಕೇಳುವ ಹೆಸರು

ಸೇಯ್ದಿಸ್‌ಫ್ಯೋರ್ದುರ್,
ಮಾರ್ಚ್ ೧೨, ಬೆಳಿಗ್ಗೆ

ನನ್ನ ಕಂದಾ ಸ್ವಾಂದೀಸ್,

ಹೇಗಿದ್ದೀಯೇ? ಹೊಲಿಗೆಯ ನೋವು ಇಳಿಯಿತೇ? ಹೊಟ್ಟೆಗೆ ಏನಾದರೂ ತಿನ್ನುತ್ತಿದ್ದೀಯೋ, ಇಲ್ಲ ಗಾಜಿನ ತೊಟ್ಟಿಲೊಳಗಿನ, ದಿನ ತುಂಬದ ಆ ಬೊಗಸೆಯಷ್ಟು ಕೂಸನ್ನೇ ನೋಡುತ್ತ ಕೂತಿದ್ದೀಯೋ? ದಾದಿ ಗುದ್ನಿ ಇವತ್ತು ನಿಮ್ಮ ಆಸ್ಪತ್ರೆಯ ಕಡೆಗೇ ಹೊರಟಿದ್ದಾಳೆ. ಒಣಮೀನು, ಬೆಣ್ಣೆ, ಕೂಸಿಗೊಂದು ಉಣ್ಣೆಯ ಟೊಪ್ಪಿ ಕಳಿಸುತ್ತಿದ್ದೇನೆ. ಟೊಪ್ಪಿ ದೊಡ್ಡದಾಯಿತೇನೋ, ಅಷ್ಟು ಪುಟ್ಟ ತಲೆಗೆ ಹೆಣೆದು ಗೊತ್ತಿಲ್ಲ. ಫೋನಿನಲ್ಲಾದರೆ ನನ್ನ ದನಿಯ ನಡುಕ ನಿನಗೆ ಗೊತ್ತಾಗುತ್ತದೆ, ಅದಕ್ಕೇ ಈ ಕಾಗದ.

ನೀನು ಕಪಾಟಿನಲ್ಲಿಟ್ಟ ಕಪ್ಪು ಪೆಟ್ಟಿಗೆ, ಮನೆಯ ಫೋಟೋ, ವಿಡಿಯೋಗಳನ್ನೆಲ್ಲ ತುಂಬಿಟ್ಟಿದ್ದೀಯಲ್ಲ, ಅದು ಭಾನುವಾರದಿಂದ ಕೀ ಕೀ ಎನ್ನುತ್ತಿದೆ. ಪಕ್ಕದ ಮನೆಯ ಥೋರ್ಗಿಲ್ಸ್ ಬಂದು ನೋಡಿ, "ಒಳಗಿನ ಡಿಸ್ಕು ಸಾಯ್ತಾ ಇದೆ ಕಣಕ್ಕಾ. ಹೊಸದಕ್ಕೆ ತುಂಬಿಸ್ಬೇಕು ಅಂದ್ರೆ ಅಡ್ಮಿನ್ ಪಾಸ್‌ವರ್ಡ್ ಬೇಕು" ಎಂದ. ನಿಮ್ಮಪ್ಪ ಬದುಕಿದ್ದಾಗ ಬಲೆ ಹೊಲಿಯುತ್ತ ಹಾಡಿದ್ದು ಬೇರೆಲ್ಲೂ ಇಲ್ಲವಲ್ಲ ಎಂದು, ನನಗೆ ತೋಚಿದ್ದನ್ನೆಲ್ಲ ಹೇಳಿದೆ. ಹಳೆಯ ದೋಣಿಯ ಹೆಸರು ಹಾಕಿಸಿದೆ, ತಪ್ಪು. ಕುರಿಗಳ ಹೆಸರು ಹಾಕಿಸಿದೆ, ತಪ್ಪು. ಕೊನೆಗೆ ಪೆಟ್ಟಿಗೆಯೇ ಮುನಿಸಿಕೊಂಡು, ಇನ್ನು ಕೇಳಬೇಡಿ ಎಂದು ಬಾಗಿಲು ಹಾಕಿತು. "ನಿಮ್ಮನೆ ಬಾಗಿಲಿಗೇ ಬೀಗ ಇಲ್ಲ, ಈ ಡಬ್ಬಕ್ಕೆ ಮಾತ್ರ ಕೋಟೆ!" ಎಂದು ಥೋರ್ಗಿಲ್ಸ್ ನಕ್ಕ. ನನಗೆಲ್ಲಿಯ ನಗು? ಹನ್ನೆರಡಕ್ಕೇ ಶಾಲೆ ಬಿಟ್ಟು ಮೀನು ಕೊಯ್ಯಲು ಹೋದವಳು, ಬೆರಳಿಟ್ಟಿದ್ದೇ ತಪ್ಪಾಯಿತೇನೋ ಎಂಬ ದಿಗಿಲು.

ನಿನ್ನ ಗಂಡನಿಗೆ ಫೋನ್ ಮಾಡಿದೆ. ಐವಿಂದುರ್ ತಡವರಿಸಿದ: "ಅತ್ತೆ, ಸ್ವಾಂದೀಸ್ ಅದನ್ನ ಬದಲಾಯಿಸಿದ್ಲು. ಈಗ ಮಗೂಗೆ ಇಡೋ ಹೆಸರೇ ಪಾಸ್‌ವರ್ಡು." ದೂರದಿಂದ ತೆರೆಯಲಾಗದಂತೆಯೂ ನೀನೇ ಮಾಡಿದ್ದೀಯಂತೆ. ಅವನು ನಿಮ್ಮನ್ನು ಬಿಟ್ಟು ಬರುವುದಂತೂ ಬೇಡ. ದೀಕ್ಷಾಸ್ನಾನದ ದಿನ ಪಾದ್ರಿಯ ಬಾಯಿಂದ ಬರುವ ತನಕ ಹೆಸರು ಹೆತ್ತವರ ಹೊಟ್ಟೆಯೊಳಗೇ ಇರಬೇಕು. ನಿನ್ನ ಹೆಸರನ್ನು ನಾನು ನನ್ನಮ್ಮನಿಗೂ ಹೇಳಿರಲಿಲ್ಲ. ಆದರೆ ಅವನು, "ಅಷ್ಟು ಅವಸರ ಇದ್ರೆ ಅವಳನ್ನ ಕೇಳಿ ಹೇಳ್ಬಿಡ್ತೀನಿ. ಹೇಗೂ ಪಾದ್ರೀನ ಇಲ್ಲಿಗೇ ಕರೆಸೋಣ ಅಂತಿದ್ದಾಳೆ" ಎಂದುಬಿಟ್ಟ. ಬೇಡ ಎಂದು ಫೋನ್ ಇಟ್ಟುಬಿಟ್ಟೆ.

ಪೆಟ್ಟಿಗೆಯ ಹಿಂದೊಂದು ತೂತಿದೆಯಂತೆ. ಸೂಜಿ ತೂರಿಸಿ ಒತ್ತಿದರೆ ಪಾಸ್‌ವರ್ಡ್ ಅಳಿಯುತ್ತದಂತೆ. "ಹೆಚ್ಚು ಹೊತ್ತು ಒತ್ತಿದ್ರೆ ಏನೇನು ಅಳಿಯುತ್ತೋ, ಆಮೇಲೆ ನನ್ನ ಮೇಲೆ ಬರ್ಬೇಡ" ಎಂದಿದ್ದಾನೆ ಥೋರ್ಗಿಲ್ಸ್.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿಮ್ಮ ಮೂವರ ತಲೆಯ ಮೇಲೂ ಕೈಯಿಟ್ಟಿರಲಿ.

ನಿನ್ನ ಅಮ್ಮ,
ಸ್ಟೈನ್ವೋರ್

ಮತ್ತೆ: ಗುದ್ನಿ ಕಾರು ಶುರು ಮಾಡಿಯಾಯಿತು. ಹೆಸರು ಹೇಳಬೇಡ, ಐವಿಂದುರನಿಗೂ ಹೇಳಬೇಡವೆನ್ನು. ಪಾದ್ರಿಯನ್ನೂ ಕರೆಸಬೇಡ ಕಂದಾ. ನಿನಗಿಂತ ಮುಂಚೆ ಹುಟ್ಟಿದ ನಿನ್ನಣ್ಣನಿಗೆ ಆಸ್ಪತ್ರೆಯಲ್ಲೇ ಅವಸರವಾಗಿ ಹೆಸರಿಟ್ಟೆವು. ಅದು ಸಮಾಧಿಯ ಕಲ್ಲಿನ ಮೇಲಷ್ಟೇ ಉಳಿಯಿತು. ಸೂಜಿ ಒತ್ತು ಎಂದು ಥೋರ್ಗಿಲ್ಸನಿಗೆ ಹೇಳಿದ್ದೇನೆ. ನಿಮ್ಮಪ್ಪನ ದನಿ ಹೋದರೆ ಹೋಗಲಿ, ಅವರು ಬೈಯುವುದಿಲ್ಲ. ನನ್ನ ಮೊಮ್ಮಗಳ ಹೆಸರನ್ನು ನಾನು ಬೇಸಿಗೆಯಲ್ಲಿ, ನಮ್ಮೂರ ಚರ್ಚಿನಲ್ಲಿ, ಎಲ್ಲರ ಜೊತೆಯಲ್ಲೇ ಕೇಳುತ್ತೇನೆ.