ಹಾಳೆಯ ಆ ಮಗ್ಗುಲಿನ ಶಶಿಕಲಾ ಅವರಿಗೆ

ಕಪ್ಪತಗುಡ್ಡದ ಮೇಲೂರು,
ಇಸವಿ ೨೩೧೧, ಹದಿಮೂರನೆಯ ತಿಂಗಳ ಒಂಬತ್ತು

ಬೆಟಗೇರಿಯ ಟೈಲರ್ ಶಶಿಕಲಾ ಹೂಲಿ ಅವರಿಗೆ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಮತ್ತು ನೀವು ಪತ್ರಿಕೆಗೆ ಕತೆ ಕಳಿಸಿ ಇನ್ನೂರ ತೊಂಬತ್ತು ವರ್ಷವಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಅಕ್ಷರ ಕೂಡಿಸಿ ಕೂಡಿಸಿ ಕಲಿತದ್ದು. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಸಾವಂತ್ರೆವ್ವ, ವಯಸ್ಸು ಎಪ್ಪತ್ತೊಂದು, ಕೆಲಸ ಮಂಜುಗಾವಲು. ಅಂದರೆ ಗುಡ್ಡದ ನೆತ್ತಿಯಲ್ಲಿ ಬಲೆ ಕಟ್ಟಿ, ಬೆಳಗಿನ ಮಂಜಿನಿಂದ ಇಳಿದ ನೀರನ್ನು ಕೊಡಗಳಿಗೆ ತುಂಬಿಸುವುದು. ನಮ್ಮಲ್ಲಿ ಫೋನು, ಕಂಪ್ಯೂಟರಿನ ಪರದೆಗಳು ಕಣ್ಣು ಮುಚ್ಚಿ ಮೂರು ತಲೆಮಾರಾಯಿತು. ಹೊಸ ಕಾಗದ ಮಾಡುವಷ್ಟು ನೀರಿಲ್ಲ. ದಿನದ ಮಾತಿಗೆ ಸ್ಲೇಟು ಸಾಕು. ಕತೆಗೆ ಮಾತ್ರ ಹಲಗೆಪತ್ರಿಕೆ ಉಂಟು: ಚಾವಡಿಯ ಉದ್ದನೆಯ ಹಲಗೆಗಳ ಮೇಲೆ ಹಾಳೆ ಅಂಟಿಸುತ್ತಾರೆ, ನೀರಿಗೆ ಬಂದವರು ಕೊಡ ಇಳಿಸಿ ಓದುತ್ತಾರೆ, ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ, ಕೆಲವರು ಬೇಕಂತಲೇ ತಪ್ಪು ಓದಿ ಜಗಳ ಹಚ್ಚುತ್ತಾರೆ.

ಆ ಹಾಳೆಗಳು ನಿಮ್ಮ ಕಾಲದವರವು. ನೀವು ಕತೆ ಕಳಿಸಿದ ಪತ್ರಿಕೆ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ ಎಂದು ನಿಯಮ ಹಾಕಿತ್ತಂತೆ. ಪ್ರಕಟವಾಗದ ಕತೆಗಳನ್ನು ಎಸೆಯಲು ಮನಸ್ಸಾಗದೆ ಅವರು ಗೋಣಿಚೀಲಗಳಲ್ಲಿ ಕಟ್ಟಿಟ್ಟರು, ಆ ಚೀಲಗಳು ನಮ್ಮ ಹಿರಿಯರ ಕೈಸೇರಿದವು. ನೀವೆಲ್ಲ ಖಾಲಿ ಬಿಟ್ಟ ಹಿಂಬದಿಯನ್ನು ನಾವು ಬೆನ್ನೆಲೆ ಎನ್ನುತ್ತೇವೆ. ಅದರ ಮೇಲೆಯೇ ಬರೆಯುತ್ತೇವೆ. ಹಲಗೆಗೆ ಅಂಟಿದ ಮಗ್ಗುಲು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಬರೆಯುವ ಮೊದಲು ಮುಂಬದಿಯನ್ನು ಒಮ್ಮೆ ಓದಿ ಕೈಮುಗಿಯುವುದು ರಿವಾಜು. ಹೆಚ್ಚಿನವರು ಕಣ್ಣಾಡಿಸಿ ಮುಗಿಸುತ್ತಾರೆ. ನನಗೂ ಅದೇ ಆತುರವಿತ್ತು. ಒಂಬತ್ತು ವರ್ಷ ಕಾದು ನನ್ನ ಸರದಿ ಬಂದಿತ್ತು. ನನ್ನ ಗಂಡನ ಕೊನೆಯ ದಿನಗಳ ಕತೆಯನ್ನು ಸ್ಲೇಟಿನಲ್ಲಿ ಬರೆದು ಅಳಿಸಿ ಬಾಯಿಪಾಠ ಮಾಡಿಕೊಂಡಿದ್ದೆ. ಕೈಗೆ ಸಿಕ್ಕಿದ್ದು ನಿಮ್ಮ ಈ ಮೂರು ಹಾಳೆ.

ನಿಮ್ಮ ಕತೆಯ ಪಾತ್ರೆ ಮಾರುವ ಹೆಂಗಸು ನನ್ನನ್ನು ತಡೆದಳು. ಹಳೆ ಸೀರೆ ತೆಗೆದುಕೊಂಡು ಬೋಗುಣಿ ಕೊಡುವ ಕಸುಬೊಂದಿತ್ತೆಂದೇ ನಮಗೆ ಗೊತ್ತಿರಲಿಲ್ಲ. ತೀರಿಕೊಂಡ ಹೆಂಡತಿಯ ಸೀರೆ ಹಿಡಿದು ಮುದುಕನೊಬ್ಬ ಅವಳ ಮುಂದೆ ನಿಲ್ಲುತ್ತಾನೆ. ಅವಳು ಮಡಿಕೆ ಬಿಚ್ಚುತ್ತಾಳೆ, ಸೆರಗಿನ ಗಂಟಿನಲ್ಲಿ ಅಡಿಕೆಯ ಚೂರು ಕಾಣುತ್ತಾಳೆ, ಸೀರೆಯನ್ನು ಅವನ ಹೆಗಲಿಗೇ ವಾಪಸು ಹಾಕುತ್ತಾಳೆ. ಅಲ್ಲಿ ನಾನು ಅತ್ತುಬಿಟ್ಟೆ. ಗಂಡ ಹೋದಾಗ ಬಾರದ ಅಳು ಅದು. ನಾನು ಒಂಬತ್ತು ವರ್ಷ ಹೇಳಲು ಒದ್ದಾಡಿದ್ದನ್ನು ನೀವು ಆಗಲೇ ಹೇಳಿ ಮುಗಿಸಿದ್ದಿರಿ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇದು ನನ್ನ ಆರನೆಯ ಕತೆ, ಹಿಡಿಸದಿದ್ದರೆ ತಪ್ಪೇನೆಂದು ಒಂದೇ ಸಾಲು ಬರೆಯಿರಿ ಎಂದು ಕೊನೆಯಲ್ಲಿ ಕೇಳಿದ್ದೀರಿ. ಯಾರಾದರೂ ಬರೆದರೋ ಇಲ್ಲವೋ ತಿಳಿಯದು, ನಾನು ಬರೆಯುತ್ತೇನೆ: ಮುದುಕ ಹೊರಟ ಮೇಲೆ ನಾಲ್ಕು ಸಾಲು ಬುದ್ಧಿ ಹೇಳಿದ್ದೀರಿ, ಅದು ಬೇಕಿರಲಿಲ್ಲ. ಅಷ್ಟೇ ತಪ್ಪು. ಮಿಕ್ಕದ್ದಕ್ಕೆಲ್ಲ ನಾನು ನಿಮಗೆ ಋಣಿ.

ಇವತ್ತು ಹಲಗೆಪತ್ರಿಕೆಯ ಸಂಪಾದಕಿ ನೀಲಗಂಗವ್ವ ಬಂದಿದ್ದಳು. ನನ್ನ ಕತೆ ಬರೆದಿಲ್ಲ, ಊರು ಈ ಹಾಳೆಗಳ ಮುಂಬದಿಯನ್ನೇ ಓದಲಿ ಎಂದೆ. "ಮತ್ತ ಒಂಬತ್ತ ವರ್ಷ ಕಾಯ್ಬೇಕಾಗ್ತದ ನೋಡ್ರಿ, ಅಲ್ಲೀತನಾ ಇರ್ತೀರೇನು?" ಎಂದಳು. ಅವಳ ನಾಲಿಗೆ ಉದ್ದ, ಮನಸ್ಸು ಒಳ್ಳೆಯದು. ಇರಲಿಕ್ಕಿಲ್ಲ ಎಂದೆ. ಆದರೂ ಮಾತು ಬದಲಿಸಲಿಲ್ಲ.

ನಾಳೆ ಬೆಳಿಗ್ಗೆ ಅವಳು ನಾನು ಬರೆಯುತ್ತಿರುವ ಈ ಮಗ್ಗುಲಿಗೆ ಹುಣಸೆಬೀಜದ ಅಂಟು ಬಳಿಯುತ್ತಾಳೆ. ಆಮೇಲೆ ಈ ಕಾಗದವನ್ನು ಯಾರೂ ಓದಲಾರರು. ಅದಕ್ಕೇ ಇಷ್ಟು ಬಿಚ್ಚಿ ಬರೆದೆ. ಆ ನಾಲ್ಕು ಸಾಲನ್ನು ಹೊಡೆದುಹಾಕಿಲ್ಲ, ನಿಮ್ಮನ್ನು ಕೇಳದೆ ಹೇಗೆ? ಉತ್ತರ ಬಹಳ ತಡವಾಯಿತು, ಕ್ಷಮಿಸಿ. ಶಶಿಕಲಾ ಅವರೇ, ನಿಮ್ಮ ಕತೆ ಸ್ವೀಕೃತವಾಗಿದೆ.