ಕಣ್ಣಿಲ್ಲದ ಗುಂಡಿ

ಫೆಬ್ರವರಿ ೩೦, ೨೧೪೧
ಮೋರಿ ಕೆಲಸಗಾರರ ಸಂಘ, ಗಾಣದಹಳ್ಳ ಕಾಲೋನಿ

ನೂರು ವರ್ಷ ಹಿಂದಿನ ಹಿರಿಯರೇ,

ಸರ್ಕಾರದವರು ನಮ್ಮ ಕಾಲೋನಿಗೆ ಮನೆಮನೆಗೆ ಕಕ್ಕಸು ಕೊಡುತ್ತೇವೆ ಎಂದರು, ಕೊಟ್ಟರು. ಒಳಚರಂಡಿ ಎಳೆಯುತ್ತೇವೆ ಎಂದರು, ಎಳೆಯಲಿಲ್ಲ. ರೋಗ ಹರಡುವ ಮೊದಲೇ ಹೇಳುತ್ತೇವೆ ಎಂದರು, ಹೆಣ ಎತ್ತಿದ ಮೇಲೂ ಹೇಳಲಿಲ್ಲ.

ಮೇಲಿನ ತಾರೀಕು ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಮ್ಮ ಕಾಲದ ಸರ್ಕಾರ ಫೆಬ್ರವರಿಯನ್ನೂ ತಿದ್ದಿತು. ಚರಂಡಿ ತಿದ್ದಲು ಮಾತ್ರ ಆಗಲಿಲ್ಲ.

ಮೋರಿಗಣ್ಣು ಎಂದರೆ ಒಳಚರಂಡಿಯಲ್ಲಿಟ್ಟ ಯಂತ್ರ. ಜನ ಹಾಸಿಗೆ ಹಿಡಿಯುವ ಮೊದಲೇ ರೋಗಾಣು ಮಲದಲ್ಲಿ ಇಳಿದಿರುತ್ತದಲ್ಲ, ಅದನ್ನು ಈ ಕಣ್ಣು ಹಿಡಿಯುತ್ತದೆ. ಹಿಡಿದು ಓಣಿಯ ಎಚ್ಚರಿಕೆ ದೀಪ ಕೆಂಪಾದರೆ ಸಂಜೆಯೊಳಗೆ ವೈದ್ಯರು, ಔಷಧಿ, ಕಾಯಿಸಿದ ನೀರು. ಮೇಲಿನ ಊರಿನಲ್ಲಿ ಈಗ ವಾಂತಿಭೇದಿಗೆ ಯಾರೂ ಸಾಯುವುದಿಲ್ಲ. ಮೋರಿಗಿಳಿದು ಆ ಕಣ್ಣುಗಳನ್ನು ಒರೆಸುವವರು ನಾವೇ. ನಮ್ಮ ಕಕ್ಕಸಿನದು ಮಾತ್ರ ಗುಂಡಿಗೆ ಹೋಗುತ್ತದೆ, ಅಲ್ಲಿ ಕಣ್ಣಿಲ್ಲ. ಕಣ್ಣಿಲ್ಲದ ಕಡೆ ರೋಗ ಕಾಣಲಿಲ್ಲ. ಕಾಣದ್ದನ್ನು ಕಚೇರಿ 'ಶುದ್ಧ' ಎಂದು ಬರೆದುಕೊಂಡು ಹಸಿರು ದೀಪ ಹೊತ್ತಿಸಿತು.

ಮಕ್ಕಳು ವಾಂತಿ ಮಾಡತೊಡಗಿದಾಗ ನನ್ನ ಚಿಕ್ಕವ್ವ ಹುಲಿಗೆವ್ವ ಕಚೇರಿಗೆ ಹೋದಳು. "ದೀಪ ನೋಡವ್ವ, ನಿಮ್ ಕಾಲೋನಿ ಶುದ್ಧ ಐತಿ" ಅಂದ ಸಾಹೇಬ. "ಹೌದೇನ್ರೀ ಸಾಹೇಬ್ರ? ಹಂಗಾರ ನಮ್ಮನೀ ನೀರು ಒಂದ್ ಗುಟುಕು ಕುಡೀರಿ" ಎಂದು ತಂಬಿಗೆ ಮುಂದೆ ಹಿಡಿದಳು. ಅವನು ಕುರ್ಚಿ ಹಿಂದೆ ಸರಿಸಿದ. ಹೆದರಿದ್ದು ರೋಗಕ್ಕೋ, ನಮ್ಮ ಜಾತಿಗೋ? ಅದೇ ವಾರ ಕಣ್ಣು ಮುಚ್ಚುವವರೆಗೂ ಚಿಕ್ಕವ್ವ ಅದನ್ನೇ ಕೇಳುತ್ತಿದ್ದಳು.

ತಲೆಮಾರುಗಳಿಂದ ನಮ್ಮನ್ನು ಮೈಲಿಗೆ ಎಂದವರು ಮೊದಲ ಸಲ ಶುದ್ಧ ಎಂದು ಬರೆದರು. ಬರೆದೇ ಕೊಂದರು.

ಜನ ಸತ್ತು ಖಾಲಿಯಾದ ನಮ್ಮ ಓಣಿಗಳಲ್ಲಿ ಹಸಿರು ದೀಪ ಉರಿಯುತ್ತಲೇ ಇದೆ. ಈಗ ಅದು ಸುಳ್ಳೂ ಹೇಳುತ್ತಿಲ್ಲ. ರೋಗ ಬರಲು ಜನ ಬೇಕಲ್ಲ. ಕಕ್ಕಸಿನೊಳಗೆ ಯಾರೋ ಇದ್ದಾರೆ ಎಂದು ತಿಳಿಸಲು ಕೆಮ್ಮುವುದು ನಮ್ಮಲ್ಲಿ ರೂಢಿ. ಬಾಗಿಲು ಮುರಿದ ಕಕ್ಕಸುಗಳ ಮುಂದೆ ಹಾದಾಗ ಈಗಲೂ ಕೆಮ್ಮು ಕೇಳಿಸುತ್ತದೆ. ನಿಂತು ಕಾಯುತ್ತೇನೆ. ಯಾರೂ ಹೊರಗೆ ಬರುವುದಿಲ್ಲ.

ಹಿರಿಯರೇ, ಮೊದಲ ಕಣ್ಣುಗಳನ್ನು ಎಲ್ಲಿಡಬೇಕೆಂದು ನಕ್ಷೆ ಬರೆಯುವವರು ನಿಮ್ಮ ಕಾಲದವರು. ಹೋಗಿ ಮೇಜು ಬಡಿದು ಕೇಳಿ: ಪೈಪಿಲ್ಲದ ಕೇರಿ ಇದರಲ್ಲಿ ಎಲ್ಲಿದೆ? ಗುಂಡಿಯದನ್ನೂ ಮೊಗೆದು ನೋಡಲಿ. ನೋಡದಿದ್ದರೆ, ನೋಡಿಲ್ಲ ಎಂದೇ ಬರೆಯಲಿ.

ಇನ್ನು ನಮ್ಮ ಕಾಲದ ಮಾತು, ಸಂಘದವರಿಗೆ: ಪಕ್ಕದ ತೋಪಿನಕೇರಿಯಲ್ಲಿ ನಿನ್ನೆಯಿಂದ ಎರಡು ಕೂಸುಗಳಿಗೆ ವಾಂತಿ. ಅವರ ಗುಂಡಿಗೆ ಕಣ್ಣಿಡುವವರೆಗೆ ಮೇಲಿನ ಊರಿನ ಮೋರಿಗೆ ನಮ್ಮಲ್ಲಿ ಒಬ್ಬರೂ ಇಳಿಯುವುದಿಲ್ಲ. ಸಭೆ ತೋಪಿನಕೇರಿಯ ನೀರಿನ ಟ್ಯಾಂಕಿನ ಕೆಳಗೆ, ನಾಳೆ ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ.