ಮನೆಯ ಕಾಯಿಲೆಯ ಹೆಸರು

ಹುಬ್ಬಳ್ಳಿ, 2174ರ ಫೆಬ್ರವರಿ 30

ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ಅಪರಿಚಿತವೆನಿಸಬಹುದು, ಕ್ಷಮಿಸಿ.

ನನ್ನ ಹೆಸರು ಫಕೀರವ್ವ. ರೈಲು ದುರಸ್ತಿಯ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತೇನೆ. ತಂಗಿ ಕಲ್ಲವ್ವ ಅಲ್ಲಿಯೇ ಅಡುಗೆಯವಳು. ಮೂವತ್ತು ತುಂಬಿದ ಪ್ರತಿಯೊಬ್ಬರಿಗೂ ಇಲ್ಲಿ 'ಊಟಪರೀಕ್ಷೆ' ನಡೆಯುತ್ತದೆ. ಒಂದು ತಟ್ಟೆ ಉಣ್ಣಿಸಿ, ಎರಡು ತಾಸಿನವರೆಗೆ ಆಗಾಗ ರಕ್ತ ತೆಗೆಯುತ್ತಾರೆ. ಅನ್ನ ಕರುಳಿಗೆ ಇಳಿದೊಡನೆ ಅಲ್ಲಿನ ಹಾರ್ಮೋನುಗಳು ಇನ್ಸುಲಿನ್ ಬಿಡುವಂತೆ ಮೇದೋಜೀರಕ ಗ್ರಂಥಿಗೆ ಹೇಳಿಕಳಿಸುತ್ತವೆ. ಇದನ್ನು ನಾವು 'ಕರುಳುಕರೆ' ಎನ್ನುತ್ತೇವೆ. ಅದು ಕ್ಷೀಣವಾಗಿದ್ದು ಮನೆತನದಲ್ಲೂ ಸಕ್ಕರೆ ಕಾಯಿಲೆ ಇದ್ದರೆ ಮುಂದೆ ಅಪಾಯ ಹೆಚ್ಚು. ನನ್ನ ಕರೆ ಕ್ಷೀಣವಾಗಿತ್ತು, ಸಕ್ಕರೆ ಮಾತ್ರ ಸರಿಯಾಗಿಯೇ ಇತ್ತು.

“ಮನ್ಯಾಗ ಯಾರಿಗರೆ ಸಕ್ಕರಿ ಬ್ಯಾನಿ ಇತ್ತೇನವಾ?” ಎಂದು ಡಾಕ್ಟರು ಸುಹಾಸಿನಿ ಕೇಳಿದರು.

“ಯಾರಿಗೂ ಇಲ್ರಿ” ಎಂದೆ. ನಾನು ತಿಳಿದಿದ್ದೂ ಅಷ್ಟೇ. ಅವರು ನನ್ನನ್ನು ಕಡಿಮೆ ಅಪಾಯದವರ ಸಾಲಿಗೆ ಸೇರಿಸಿದರು. ಮರುವರ್ಷ ಕಲ್ಲವ್ವನ ಕರೆಯೂ ಹಾಗೆಯೇ ಬಂತು, ಅವಳೂ ಅದೇ ಉತ್ತರ ಕೊಟ್ಟಳು.

ಐದು ವರ್ಷದ ನಂತರ ಒಂದು ಮುಂಜಾನೆ ಅವಳು ಒಲೆಯ ಮುಂದೆ ನಿಂತು, “ಅಕ್ಕಾ, ಒಗ್ಗರಣಿ ಕರ್ರಗಾತೋ ಇಲ್ಲೋ ನೋಡು. ನನಗ ಕಾಣವಲ್ದು” ಎಂದಳು. ಸಕ್ಕರೆ ನಾನೂರು ದಾಟಿತ್ತು. ಎಡಗಣ್ಣು ಹೋಯಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಮ್ಮವ್ವನ ತಂಗಿ ಚಿಗವ್ವ ಅತ್ತಳು. “ನಿಮ್ಮವ್ವನ ಕಾಲು ತಗದದ್ದು ಮೊಳಿ ಚುಚ್ಚಿ ಅಲ್ಲ, ಸಕ್ಕರಿಗೆ. ನಿಮ್ಮಿಬ್ಬರ ಮದುವಿ ಆಗೂದಿತ್ತು. ಬಾಯಿ ಮುಚ್ಚಿಕೊಂಡು ಕುಂತ್ವಿ.” ಅಜ್ಜನಿಗೂ ಇತ್ತಂತೆ, ಅವನ ತಾಯಿಗೂ ಇತ್ತಂತೆ.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಒಂದೊಂದು ತಲೆಮಾರೂ ಅದೇ ಸುಳ್ಳನ್ನು ಹೊಸದಾಗಿ ಹೇಳಿಕೊಂಡು ಬಂದದ್ದಕ್ಕೆ. ಮಾರನೆಯ ದಿನ ಊಟದ ಹೊತ್ತಿಗೆ ಕಾರ್ಖಾನೆಯಲ್ಲಿ ಬೆಂಚು ಹತ್ತಿ ನಿಂತು, ನಮ್ಮ ಮನೆಯ ಕಾಯಿಲೆಯ ಹೆಸರು ಹೇಳಿದೆ. ಕ್ರೇನು ನಡೆಸುವ ಇಮಾಮಸಾಬ ತಟ್ಟೆ ಸರಿಸಿ, “ನಮ್ಮಪ್ಪಗೂ ಐತಿ” ಎಂದ. ಆ ವಾರ ನಲವತ್ತಮೂರು ಮಂದಿ ಡಾಕ್ಟರ ಬಳಿ ಹೋಗಿ, ಮೊದಲು ಕೊಟ್ಟ ಉತ್ತರವನ್ನು ತಿದ್ದಿಸಿದರು.

ಕಲ್ಲವ್ವ ಒಂದೇ ಕಣ್ಣಿನಲ್ಲಿ ಮತ್ತೆ ಅಡುಗೆಗೆ ನಿಂತಳು. ಡಾಕ್ಟರ ಸಲಹೆಯಂತೆ ಮೊದಲು ಹಸಿ ಮೆಂತ್ಯಪಲ್ಲೆ, ಕಾಳು ಬಡಿಸುತ್ತಾಳೆ. ರೊಟ್ಟಿ, ಅನ್ನ ಆಮೇಲೆ. ಈ ಕ್ರಮದಲ್ಲಿ ಉಂಡರೆ ಕರುಳುಕರೆ ಚುರುಕಾಗುತ್ತದೆ. ಎಲ್ಲರಿಗೂ ಇಷ್ಟೇ ಸಾಲದು. ಕೆಲವರು ಔಷಧ ತೆಗೆದುಕೊಳ್ಳುತ್ತಾರೆ, ಆದರೂ ಆರು ಮಂದಿಗೆ ಕಾಯಿಲೆ ಬಂದೇ ಬಂತು. ಬೇಗ ತಿಳಿದದ್ದರಿಂದ ಅವರ ಕಣ್ಣು, ಕಾಲು ಉಳಿದಿವೆ. ನಾನು ಹನ್ನೊಂದು ವರ್ಷದಿಂದ ಕಾಯಿಲೆಯ ಗೆರೆ ದಾಟದೆ ಈಚೆಗೇ ಇದ್ದೇನೆ. ಇಲ್ಲಿಯೇ ಇರಲು ಹಟ ಹಿಡಿದಿದ್ದೇನೆ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮಕ್ಕಳನ್ನು ಎದುರು ಕೂರಿಸಿಕೊಂಡು ಹೇಳಿ. ಅವರು ಮುಖ ತಿರುಗಿಸಿದರೂ ಹೇಳಿ. ಔಷಧಗಳನ್ನು ನಾವು ಕಂಡುಹಿಡಿದುಕೊಳ್ಳುತ್ತೇವೆ. ನೀವು ಬಚ್ಚಿಟ್ಟದ್ದನ್ನು ಮಾತ್ರ ಹುಡುಕಲಾರೆವು.

ನಿಮ್ಮ ಮೊಮ್ಮಕ್ಕಳ ಮರಿಮಗಳು,
ಫಕೀರವ್ವ